ಕಡ್ಡಾಯ ಲಸಿಕೆ: ಕೇಳಿದಾಗ ಹೂಂ ಅಂದವರು ಶಿಬಿರಕ್ಕೆ ಯಾಕೆ ಬರಲಿಲ್ಲ?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ಎಸ್ಟೇಟಿನಲ್ಲಿ ಮ್ಯಾನೇಜರ್ ಆಗಿದ್ದೇನೆ. ತೋಟದೊಳಗೇ 18 ಕೋಣೆಗಳ ರೆಸಾರ್ಟ್ ಇದೆ. ತೋಟ, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ), ಹೌಸ್‌ಕೀಪಿಂಗ್, ಅಡುಗೆಮನೆ ಎಲ್ಲ ಸೇರಿ 86 ಜನ; ಅವರಲ್ಲಿ 14 ಜನ ಅಡುಗೆ ಮತ್ತು ಬಡಿಸುವ ಕೆಲಸದವರು. ಕೆಲಸಗಾರರ ಲೈನ್ ಮನೆಗಳಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯ ಕುಟುಂಬಗಳೂ ಇವೆ. ಟೈಫಾಯ್ಡ್, ಟಿ.ಟಿ. (ಧನುರ್ವಾಯುವಿನದು), ಕೋವಿಡ್ ಮೂರೂ ಲಸಿಕೆ ಎಲ್ಲರಿಗೂ ಕಡ್ಡಾಯ, ಹಾಕಿಸಿಕೊಳ್ಳದವರಿಗೆ ಬಟವಾಡೆ ಇಲ್ಲ ಎಂದು ಮಾಲೀಕರು ನೋಟಿಸ್ ಹಾಕಿಸಿದ್ದಾರೆ. ಮೊದಲು ಮೇಸ್ತ್ರಿ ಮೂಲಕ ಕೇಳಿಸಿದಾಗ ಎಲ್ಲರೂ ಒಪ್ಪಿದ್ದರು. ಡಿಸೆಂಬರಿನಲ್ಲಿ ಶಿಬಿರ ಇಟ್ಟಾಗ ಬಂದವರು 31 ಜನ. ಒಪ್ಪಿದವರು ಯಾಕೆ ಬರಲಿಲ್ಲ? ಕಡ್ಡಾಯ ಮಾಡುವ ಅಧಿಕಾರ ನಮಗಿದೆಯೇ? ಮುಂದಿನ ಸಲ ಹೇಗೆ ಮಾಡಬೇಕು?

ಉತ್ತರ: ಬಟವಾಡೆ ತಡೆಯುವ ನೋಟಿಸನ್ನು ಇವತ್ತೇ ತೆಗೆಸಿ, ಉಳಿದದ್ದು ಆಮೇಲೆ. ದುಡಿದ ಕೂಲಿಯಲ್ಲಿ ಯಾವ ಯಾವ ಕಾರಣಕ್ಕೆ ಹಣ ಹಿಡಿಯಬಹುದು ಎಂಬುದನ್ನು ವೇತನದ ಕಾನೂನು ಒಂದೊಂದಾಗಿ ಪಟ್ಟಿ ಮಾಡಿದೆ. ಲಸಿಕೆ ಹಾಕಿಸಿಕೊಳ್ಳದಿರುವುದು ಆ ಪಟ್ಟಿಯಲ್ಲಿಲ್ಲ. ಯಾರಾದರೂ ಒಬ್ಬರು ಕಾರ್ಮಿಕ ಇಲಾಖೆಗೆ ಅರ್ಜಿ ಬರೆದುಕೊಟ್ಟರೆ ನೀವು ಗೋಡೆಗೆ ಅಂಟಿಸಿದ ಕಾಗದವೇ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಕೂಲಿ ಹಿಡಿಯುತ್ತೇವೆ ಎಂದ ದಿನದಿಂದ ಲೈನ್ ಮನೆಗಳಲ್ಲಿ ಮಾತಿನ ದಾರಿಯೇ ಬದಲಾಗುತ್ತದೆ. "ನಮ್ಮ ಒಳ್ಳೇದಕ್ಕೇ ಆಗಿದ್ದರೆ ಇಷ್ಟು ಬಲವಂತ ಯಾಕೆ?" ಎಂಬ ಪ್ರಶ್ನೆ ಹುಟ್ಟಿದ ಮೇಲೆ ಯಾವ ಡಾಕ್ಟರು ಬಂದು ಹೇಳಿದರೂ ಕಿವಿಗೆ ಹೋಗುವುದಿಲ್ಲ.

ಎರಡನೆಯ ತಪ್ಪು, ಮೂರು ಲಸಿಕೆಗಳನ್ನು ಒಂದೇ ಆದೇಶದಲ್ಲಿ ಸೇರಿಸಿದ್ದು. ಅರೇಬಿಕಾ, ರೊಬಸ್ಟಾ, ಕರಿಮೆಣಸು ಮೂರನ್ನೂ ಒಂದೇ ಚೀಲಕ್ಕೆ ತುಂಬಿ ಒಂದೇ ದರ ಕಟ್ಟಿದ ಹಾಗಾಯಿತು. ಪ್ರತಿ ಲಸಿಕೆಗೂ ಬೇರೆ ಬೇರೆಯಾಗಿ ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಚುಚ್ಚುಮದ್ದು ಯಾರನ್ನು ಕಾಪಾಡುತ್ತದೆ? ಹಾಕಿಸಿಕೊಂಡವರನ್ನು ಮಾತ್ರವೋ, ಅವರ ಕೈಯಿಂದ ಉಣ್ಣುವವರನ್ನೂ ಸೇರಿಸಿಯೋ? ಕಡ್ಡಾಯ ಎಂಬ ಮಾತಿಗೆ ನ್ಯಾಯ ಸಿಗುವುದು ಈ ಪ್ರಶ್ನೆಯ ಉತ್ತರದಿಂದ. ಕೆಲಸಗಾರರು ಇದೇ ಪ್ರಶ್ನೆಯನ್ನು ತಮ್ಮ ಭಾಷೆಯಲ್ಲಿ ಕೇಳುತ್ತಿರುತ್ತಾರೆ. ಅದಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ವಿರೋಧ ಕರಗುತ್ತದೆ.

ಟಿ.ಟಿ.: ತೋಟದವರಿಗೆ ಬೇಕು, ಕಡ್ಡಾಯಕ್ಕೆ ಆಧಾರವಿಲ್ಲ

ಧನುರ್ವಾಯು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಅದರ ರೋಗಾಣು ಮಣ್ಣಿನಲ್ಲಿ, ಸಗಣಿಯಲ್ಲಿ, ಕೊಟ್ಟಿಗೆ ಗೊಬ್ಬರದಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಕತ್ತಿಯ ಗಾಯ, ಮುಳ್ಳು, ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಮಾಡುವಾಗ ತರಚಿದ ಜಾಗದಿಂದ ಒಳಗೆ ಹೋಗುತ್ತದೆ. ಪಕ್ಕದವರೆಲ್ಲ ಹಾಕಿಸಿಕೊಂಡಿದ್ದರೂ ಹಾಕಿಸಿಕೊಳ್ಳದವರಿಗೆ ಅದರಿಂದ ರಕ್ಷಣೆಯಿಲ್ಲ, ಹಾಕಿಸಿಕೊಳ್ಳದವರಿಂದ ಇನ್ನೊಬ್ಬರಿಗೆ ಅಪಾಯವೂ ಇಲ್ಲ. ಹಾಗಾಗಿ "ನೀನು ಹಾಕಿಸಿಕೊಳ್ಳದಿದ್ದರೆ ಬೇರೆಯವರಿಗೆ ತೊಂದರೆ" ಎಂದು ಹೇಳುವುದು ಸುಳ್ಳಾಗುತ್ತದೆ. ಇಲ್ಲಿ ನಿಮ್ಮ ಜವಾಬ್ದಾರಿ ಬೇರೆ ಬಗೆಯದು. ಈ ಅಪಾಯ ನೀವು ಕೊಡುವ ಕೆಲಸದಿಂದ ಬರುತ್ತದೆ, ಆದ್ದರಿಂದ ಲಸಿಕೆಯನ್ನು ಅವರ ಮನೆಬಾಗಿಲಿಗೆ ತರುವುದು, ಖರ್ಚು ಹಾಕುವುದು, ಮರುದಿನದ ಕೂಲಿಗೆ ಪೆಟ್ಟು ಬೀಳದ ಹಾಗೆ ನೋಡುವುದು ನಿಮ್ಮ ಕೆಲಸ. ಬೇಡ ಎನ್ನುವುದು ಅವರ ಹಕ್ಕು.

ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಗುವುದು ಟಿ.ಟಿ. ಅಲ್ಲ, ಟಿ.ಡಿ.; ಧನುರ್ವಾಯುವಿನ ಜೊತೆಗೆ ಗಂಟಲಮಾರಿಗೂ ರಕ್ಷಣೆ ಕೊಡುತ್ತದೆ. ಪ್ರಮಾಣ 0.5 ಮಿ.ಲೀ., ತೋಳಿನ ಮೇಲ್ಭಾಗದ ಸ್ನಾಯುವಿಗೆ. ಹಿಂದೆ ಹಾಕಿಸಿಕೊಂಡ ದಾಖಲೆಯೇ ಇಲ್ಲದ ದೊಡ್ಡವರಿಗೆ ಒಂದು ಡೋಸ್ ಸಾಲದು. ಮೊದಲ ಡೋಸ್ ಆಗಿ 4 ವಾರಕ್ಕೆ ಎರಡನೆಯದು, ಅದಾಗಿ 6ರಿಂದ 12 ತಿಂಗಳಿಗೆ ಮೂರನೆಯದು, ಆಮೇಲೆ 10 ವರ್ಷಕ್ಕೊಂದು. ಮೂರೂ ಆದವರಿಗೆ ಸಣ್ಣ ಶುಭ್ರ ಗಾಯವಾದಾಗಲೆಲ್ಲ ಮತ್ತೆ ಚುಚ್ಚಿಸುವ ಅಗತ್ಯವಿಲ್ಲ. ಮಣ್ಣು ಸಗಣಿ ಸೇರಿದ ಗಾಯವಾಗಿ, ಕೊನೆಯ ಡೋಸ್ ಆಗಿ 5 ವರ್ಷ ದಾಟಿದ್ದರೆ ಒಂದು ಬೂಸ್ಟರ್ ಬೇಕು. "ಆರು ತಿಂಗಳಿಗೊಂದು ಟಿ.ಟಿ." ಎಂಬ ರೂಢಿಯಿಂದ ಆಗುವ ಲಾಭ ಕೈನೋವು ಒಂದೇ. ಬಸುರಿಯಾಗಿದ್ದಾಗ ಹೆಂಗಸರಿಗೆ ಇದು ಸಿಕ್ಕಿರುತ್ತದೆ, ತಾಯಿ ಕಾರ್ಡಿನಲ್ಲಿ ದಾಖಲೆ ಇರುತ್ತದೆ; ಅದನ್ನು ನೋಡಿ ಲೆಕ್ಕ ಹಾಕಿ. ಒಂದೂ ಡೋಸ್ ಇಲ್ಲದವರು ಸಿಗುವ ಸಾಧ್ಯತೆ ಹೆಚ್ಚಾಗಿರುವುದು ನಡುವಯಸ್ಸು ದಾಟಿದ ಗಂಡಸರಲ್ಲಿ, ಅಂದರೆ ಏಣಿ ಹತ್ತಿ ಮರಗಸಿ ಮಾಡುವವರಲ್ಲೇ.

ಟೈಫಾಯ್ಡ್: ಅಡುಗೆಮನೆಯ 14 ಜನರ ವಿಷಯ ಬೇರೆ

ನಿಮ್ಮ ಮೂರು ಲಸಿಕೆಗಳಲ್ಲಿ ಕಡ್ಡಾಯಕ್ಕೆ ಕಾನೂನಿನ ಆಧಾರವೂ ನ್ಯಾಯದ ಆಧಾರವೂ ಇರುವುದು ಇದೊಂದಕ್ಕೆ, ಅದೂ 86 ಜನರಿಗಲ್ಲ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾನೂನಿನಡಿ 2011ರಲ್ಲಿ ಬಂದ ಲೈಸೆನ್ಸ್ ಮತ್ತು ನೋಂದಣಿ ನಿಯಮಾವಳಿಯ 4ನೇ ಅನುಸೂಚಿ, ಲೈಸೆನ್ಸ್ ಪಡೆದ ಅಡುಗೆಮನೆಗಳಿಗೆ ಎರಡು ಮಾತು ಹೇಳುತ್ತದೆ. ಆಹಾರ ಮುಟ್ಟುವವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು. ಕರುಳಿನ ಸೋಂಕು ರೋಗಗಳ ವಿರುದ್ಧ ಲಸಿಕೆಯ ವೇಳಾಪಟ್ಟಿಯಂತೆ ಚುಚ್ಚುಮದ್ದು ಆಗಿರಬೇಕು, ಅದರ ದಾಖಲೆ ತಪಾಸಣೆಗೆ ಸಿಗಬೇಕು. ವೈದ್ಯರು ಸಹಿ ಮಾಡುವ ಫಿಟ್‌ನೆಸ್ ನಮೂನೆಯಲ್ಲಿ ದೇಹ ಪರೀಕ್ಷೆ, ಕಣ್ಣು, ಚರ್ಮ, ಲಸಿಕೆ, ಸೋಂಕಿನ ಅನುಮಾನ ಬಂದರೆ ಮಾಡಿಸಿದ ಪರೀಕ್ಷೆ, ಇವು ಬೇರೆ ಬೇರೆ ಸಾಲುಗಳಾಗಿವೆ. 14 ನಮೂನೆಗಳಿಗೆ ಒಂದೇ ಕೂತಲ್ಲಿ ಸಹಿ ಹಾಕಿಸಿಕೊಂಡು ಬರುವ ಅಭ್ಯಾಸ ಕೆಲವು ಕಡೆ ಇದೆ. ದಯವಿಟ್ಟು ಹಾಗೆ ಮಾಡಬೇಡಿ. ಅಂಥ ಕಾಗದ ಫೈಲಿಗೆ ಉಪಯೋಗವಾಗಬಹುದು, ಅತಿಥಿಯ ಹೊಟ್ಟೆಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಟೈಫಾಯ್ಡ್ ರೋಗಾಣು ಮಲದಿಂದ ಕೈಗೆ, ಕೈಯಿಂದ ಊಟಕ್ಕೆ ದಾಟುತ್ತದೆ. ರೋಗ ವಾಸಿಯಾದ ನೂರು ಜನರಲ್ಲಿ ಸುಮಾರು 1ರಿಂದ 5 ಜನರ ಪಿತ್ತಕೋಶದಲ್ಲಿ ಅದು ಉಳಿದುಬಿಡುತ್ತದೆ. ಅವರಿಗೆ ಜ್ವರವಿಲ್ಲ, ಸುಸ್ತಿಲ್ಲ, ಆದರೂ ರೋಗಾಣು ಹೊರಬರುತ್ತಿರುತ್ತದೆ. ಇದಕ್ಕೇ ಅಡುಗೆಯವರ ಆರೋಗ್ಯ ಊಟ ಮಾಡುವವರ ಆರೋಗ್ಯವೂ ಹೌದು. ಎರಡು ಬಗೆಯ ಲಸಿಕೆ ಸಿಗುತ್ತದೆ. ಹಳೆಯ ವಿ.ಐ. ಪಾಲಿಸ್ಯಾಕರೈಡ್ ಬಗೆಯದನ್ನು 3 ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕು. ಕಾಂಜುಗೇಟ್ ಬಗೆಯದು (ಟಿ.ಸಿ.ವಿ. ಎನ್ನುತ್ತಾರೆ) ಹೆಚ್ಚು ಕಾಲ ನಿಲ್ಲುತ್ತದೆ. ಎರಡೂ 0.5 ಮಿ.ಲೀ., ಒಂದೇ ಡೋಸ್, ತೋಳಿಗೆ. ಕಾಂಜುಗೇಟ್ ಲಸಿಕೆಗೆ ವಯಸ್ಸಿನ ಮಿತಿ ಬ್ರಾಂಡಿನಿಂದ ಬ್ರಾಂಡಿಗೆ ಬದಲಾಗುವುದರಿಂದ 45 ದಾಟಿದ ಅಡುಗೆಯವರಿದ್ದರೆ ಕೊಳ್ಳುವ ಮೊದಲೇ ಪೆಟ್ಟಿಗೆಯೊಳಗಿನ ಚೀಟಿ ನೋಡಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಮಾಮೂಲಿ ದಾಸ್ತಾನಿನಲ್ಲಿ ದೊಡ್ಡವರಿಗೆ ಇದು ಇರುವುದಿಲ್ಲ, ನೀವೇ ಹಣ ಕೊಟ್ಟು ತರಿಸಬೇಕು. ಆ ಹಣ ಕೆಲಸಗಾರರ ಕೂಲಿಯಿಂದ ಹೋಗಬಾರದು. ಚುಚ್ಚಿದ ಮೇಲೆ ರಕ್ಷಣೆ ಕೂಡಿಬರಲು ಸುಮಾರು 2 ವಾರ ಬೇಕು, ಆದ್ದರಿಂದ ದಸರಾ ರಜೆಯ ಜನ ಬರುವ ಹಿಂದಿನ ದಿನ ಹಾಕಿಸಿದರೆ ಆ ಸೀಸನ್ನಿಗೆ ಉಪಯೋಗವಿಲ್ಲ.

ಈ ಲಸಿಕೆಯ ಮಿತಿಯನ್ನೂ ಅಡುಗೆಯವರಿಗೆ ಬಾಯಿಬಿಟ್ಟು ಹೇಳಿ. ಪ್ಯಾರಾಟೈಫಾಯ್ಡ್ ಎಂಬ ಅಣ್ಣತಮ್ಮ ರೋಗವನ್ನು ಇದು ತಡೆಯುವುದಿಲ್ಲ. ಈಗಾಗಲೇ ರೋಗಾಣು ಹೊತ್ತಿರುವವರನ್ನು ವಾಸಿ ಮಾಡುವುದಿಲ್ಲ. ಅಂಥವರನ್ನು ಹುಡುಕಲು ವಿಡಾಲ್ ರಕ್ತಪರೀಕ್ಷೆ ಸಾಲದು, ಮಲದ ಕಲ್ಚರ್ (ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಬೇಕು. ರೋಗಾಣು ದಿನವೂ ಹೊರಬೀಳುವುದಿಲ್ಲವಾದ್ದರಿಂದ ಒಂದೇ ಸಲದ ಕಲ್ಚರ್ ನೋಡಿ ಧೈರ್ಯ ತಂದುಕೊಳ್ಳುವಂತಿಲ್ಲ. ಸೋಪು, ಹರಿಯುವ ನೀರು, ಕುದಿಸಿದ ಕುಡಿಯುವ ನೀರು ಇಲ್ಲದ ಅಡುಗೆಮನೆಯಲ್ಲಿ ಲಸಿಕೆ ಹಾಕಿಸಿಬಿಟ್ಟೆವು ಎಂದರೆ ಕೆಲಸ ಮುಗಿದ ಹಾಗಲ್ಲ.

ಹಾಗಾದರೆ ಅಡುಗೆಯವರನ್ನು ಹಿಡಿದು ಚುಚ್ಚಬಹುದೇ? ಇಲ್ಲ. ಲಸಿಕೆ ಇಲ್ಲಿ ಆ ಕೆಲಸದ ಷರತ್ತು. ಹಾಕಿಸಿಕೊಳ್ಳದವರು ಆಹಾರ ಮುಟ್ಟುವ ಕೆಲಸದಲ್ಲಿ ಇರುವಂತಿಲ್ಲ ಎನ್ನಬಹುದು, ಅವರ ತೋಳಿನ ಮೇಲೆ ನಿಮಗೆ ಅಧಿಕಾರವಿಲ್ಲ. ಎಸ್ಟೇಟಿನಲ್ಲಿ ಸ್ವಂತ ಡಿಸ್ಪೆನ್ಸರಿ ಇದ್ದರೆ ಇಂಥದೇ ಇನ್ನೊಂದು ನಿಯಮ ನಿಮಗೆ ಅನ್ವಯಿಸುತ್ತದೆ: 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಅಲ್ಲಿನ ಸಿಬ್ಬಂದಿಗೂ ಸೂಜಿ, ಬ್ಯಾಂಡೇಜ್ ಕಸ ಎತ್ತುವವರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಕೊಡಿಸುವ ಹೊಣೆ ಮಾಲೀಕರದು. ಹೆಪಟೈಟಿಸ್ ಬಿ 3 ಡೋಸ್: ಇವತ್ತು, 1 ತಿಂಗಳಿಗೆ, 6 ತಿಂಗಳಿಗೆ. ಮೂರನೆಯದಾಗಿ 1ರಿಂದ 2 ತಿಂಗಳ ನಂತರ ರಕ್ತದಲ್ಲಿ ಪ್ರತಿಕಾಯದ ಮಟ್ಟ 10 (mIU/mL) ದಾಟಿದೆಯೇ ನೋಡಿಸಿ. ಕಸ ಎತ್ತುವವರನ್ನು ಬಿಟ್ಟು ನರ್ಸಿಗೆ ಮಾತ್ರ ಕೊಡಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಸೂಜಿ ಚುಚ್ಚಿಕೊಳ್ಳುವ ಅಪಾಯ ಚೀಲ ಎತ್ತುವವರಿಗೂ ಇದೆ.

ಕೋವಿಡ್ ವಿಷಯ ಸುಪ್ರೀಂ ಕೋರ್ಟ್ ಮುಗಿಸಿದೆ. ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ 2022ರ ಮೇ 2ರಂದು ಬಂದ ತೀರ್ಪು, ತನ್ನ ದೇಹದ ಮೇಲಿನ ಹಕ್ಕು ಸಂವಿಧಾನದ 21ನೇ ವಿಧಿಯ ರಕ್ಷಣೆಯಲ್ಲಿದೆ, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದಿತು. ಸಾರ್ವಜನಿಕ ಆರೋಗ್ಯಕ್ಕಾಗಿ ಸರ್ಕಾರ ನಿರ್ಬಂಧ ತರಬಹುದು, ಆದರೆ ಅದು ಅಪಾಯದ ಪ್ರಮಾಣಕ್ಕೆ ತಕ್ಕಂತಿರಬೇಕು ಎಂದೂ ಹೇಳಿತು. ಲಸಿಕೆ ಪಡೆಯದವರಿಂದ ಪಡೆದವರಿಗಿಂತ ಹೆಚ್ಚು ಸೋಂಕು ಹರಡುತ್ತದೆ ಎಂಬುದಕ್ಕೆ ಸರ್ಕಾರಗಳು ಮಾಹಿತಿ ಒದಗಿಸಿಲ್ಲವಾದ್ದರಿಂದ ಅಂಥ ನಿರ್ಬಂಧಗಳನ್ನು ಮರುಪರಿಶೀಲಿಸಿ ಎಂದು ಖಾಸಗಿ ಸಂಸ್ಥೆಗಳಿಗೂ ಸೂಚಿಸಿತು. ಲಸಿಕಾ ನೀತಿ ತಪ್ಪೆಂದು ಕೋರ್ಟ್ ಹೇಳಲಿಲ್ಲ. ತೀವ್ರ ಕಾಯಿಲೆ ತಡೆಯುವ ಗುಣವನ್ನು ಒಪ್ಪಿತು. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಡಾಕ್ಟರ ಸಲಹೆ ಕೊಡಿಸಿ, ಕಡ್ಡಾಯದ ಪಟ್ಟಿಯಿಂದ ಕೋವಿಡ್ ತೆಗೆಯಿರಿ.

ಒಪ್ಪಿದವರು ಬರಲಿಲ್ಲ ಯಾಕೆ

ಮೇಸ್ತ್ರಿ ಸಾಲಾಗಿ ನಿಲ್ಲಿಸಿ ಕೇಳಿದಾಗ ಬರುವ "ಹೂಂ" ಲಸಿಕೆಗೆ ಕೊಟ್ಟ ಉತ್ತರವಲ್ಲ, ಮೇಸ್ತ್ರಿಗೆ ಕೊಟ್ಟ ಉತ್ತರ. ನಾಳೆ ಯಾವ ಬ್ಲಾಕಿಗೆ ಕಳಿಸಬೇಕು, ಯಾರಿಗೆ ಮುಂಗಡ ಕೊಡಿಸಬೇಕು ಎಂದು ತೀರ್ಮಾನಿಸುವವರ ಎದುರು ಬೇಡ ಎನ್ನುವ ಧೈರ್ಯ ದಿನಗೂಲಿಯವರಿಗೆ ಇರುವುದಿಲ್ಲ. ಬೇಡ ಎಂಬುದನ್ನು ಅವರು ಕಾಲಿನಿಂದ ಹೇಳುತ್ತಾರೆ, ಶಿಬಿರದ ದಿನ ಬರುವುದಿಲ್ಲ.

ಅದರ ಮೇಲೆ ನೀವು ಆರಿಸಿಕೊಂಡ ತಿಂಗಳು ಡಿಸೆಂಬರ್. ಅರೇಬಿಕಾ ಕೊಯ್ಲು ಜೋರಾಗಿರುವ ಕಾಲ, ಕೆ.ಜಿ. ಲೆಕ್ಕದ ಕೂಲಿ. ಟಿ.ಡಿ. ಹಾಕಿಸಿಕೊಂಡ ತೋಳು ಎರಡು ಮೂರು ದಿನ ಎತ್ತಲು ನೋಯುವುದು ಸಾಮಾನ್ಯ. ಕೊಂಬೆ ಬಗ್ಗಿಸಿ ಎರಡೂ ಕೈಯಲ್ಲಿ ಹಣ್ಣು ಬಿಡಿಸುವವರಿಗೆ ಆ ನೋವು ಸಂಜೆ ತೂಕದ ಹೊತ್ತಿಗೆ ಕಾಣುತ್ತದೆ. ಹಾಜರಾಗದ 55 ಜನರಲ್ಲಿ ಲಸಿಕೆ ವಿರೋಧಿಗಳು ಎಷ್ಟು, ಲೆಕ್ಕ ಹಾಕಿ ಕೂಲಿ ಉಳಿಸಿಕೊಂಡವರು ಎಷ್ಟು ಎಂದು ಈಗ ಹೇಳಲು ಬರುವುದಿಲ್ಲ. ಅವರನ್ನೆಲ್ಲ ಒಂದೇ ಗುಂಪಿಗೆ ಸೇರಿಸಬೇಡಿ.

ಮಲೆನಾಡಿನಲ್ಲಿ ಇನ್ನೊಂದು ನೆನಪೂ ಕೆಲಸ ಮಾಡುತ್ತದೆ. ಮಂಗನ ಕಾಯಿಲೆಯ ಹಳೆಯ ಲಸಿಕೆ ಬಹಳ ನೋವಿನದಾಗಿತ್ತು. ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್, ಮತ್ತೆ ವರ್ಷ ವರ್ಷ ಬೂಸ್ಟರ್ ಎಂದು ಹಾಕಿಸಬೇಕಿತ್ತು; ಒಂದು ಹಾಕಿಸಿಕೊಂಡವರು ಎರಡನೆಯದಕ್ಕೆ ಬರುತ್ತಿರಲಿಲ್ಲ. ರಕ್ಷಣೆ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಅಷ್ಟು ನೋವು ತಿಂದದ್ದು ಫಲ ಕೊಡಲಿಲ್ಲ ಎಂದು ತಿಳಿದವರು ಹೊಸ ಸೂಜಿಯನ್ನು ಅನುಮಾನದಿಂದ ನೋಡುವುದರಲ್ಲಿ ತಪ್ಪೇನಿದೆ? ಕೊಪ್ಪ, ಎನ್.ಆರ್.ಪುರ ಕಡೆಯಿಂದ ಬಂದವರು ಕೇಳಿದರೆ ನೇರವಾಗಿ ಉತ್ತರ ಕೊಡಿ: ಹಳೆಯ ಲಸಿಕೆ ಈಗ ಇಲ್ಲ, ಕಾಡಂಚಿಗೆ ಹೋಗುವ ಮೊದಲು ಉಣುಗು ಹತ್ತದ ಹಾಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ, ಮೈತುಂಬ ಬಟ್ಟೆ, ಬಂದ ಮೇಲೆ ಬಿಸಿನೀರಿನ ಸ್ನಾನ ಮತ್ತು ಉಣುಗು ಹುಡುಕುವುದು, ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು. ಗೊತ್ತಿರುವುದನ್ನು ಮುಚ್ಚಿಡದೆ ಹೇಳಿದವರ ಮಾತನ್ನು ಜನ ಟಿ.ಡಿ. ವಿಷಯದಲ್ಲೂ ನಂಬುತ್ತಾರೆ.

ಉಳಿದ ಕಾರಣಗಳು ಸಣ್ಣವಾಗಿ ಕಂಡರೂ ಸಣ್ಣವಲ್ಲ. ಮದುವೆಯಾಗದ ಹುಡುಗಿಯರಿಗೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಗಾಳಿಮಾತು. ಬಿಗಿ ರವಿಕೆಯ ತೋಳನ್ನು ಗಂಡಸರ ಎದುರು ಸರಿಸಬೇಕಾದ ಮುಜುಗರ. ಆಧಾರ್, ಮೊಬೈಲ್ ನಂಬರ್ ಕೇಳಿದರೆ ಏನು ಮಾಡುತ್ತಾರೋ ಎಂಬ ಹೊರರಾಜ್ಯದವರ ಅಂಜಿಕೆ. ಚುಚ್ಚಿಸಿಕೊಂಡರೆ ವಾರಗಟ್ಟಲೆ ಕುಡಿಯುವಂತಿಲ್ಲ ಎಂಬ ಸುದ್ದಿ. ಟಿ.ಡಿ.ಗೆ ಅಂಥ ನಿಯಮವಿಲ್ಲ ಎಂದು ಸ್ಪಷ್ಟವಾಗಿ ಹೇಳಿ. ಆದರೆ ಕುಡಿದು ಬಂದವರ ಒಪ್ಪಿಗೆ ಒಪ್ಪಿಗೆಯಲ್ಲ, ಅವರನ್ನು ಇನ್ನೊಂದು ದಿನ ಕರೆಯಿರಿ.

ಅಭಿಪ್ರಾಯ ಕೇಳುವ ಕ್ರಮ

ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ, "ಲಸಿಕೆಗೆ ಒಪ್ಪುತ್ತೀರಾ?" ಅದರಲ್ಲಿ ಮೂರು ಪ್ರಶ್ನೆಗಳು ಸೇರಿಕೊಂಡಿವೆ: ನೀವು ಹಾಕಿಸಿಕೊಳ್ಳುತ್ತೀರಾ, ಎಲ್ಲರಿಗೂ ಕಡ್ಡಾಯ ಮಾಡುವುದು ಸರಿಯೇ, ನಿಮಗೆ ಅಡ್ಡಿಯಾಗಿರುವುದು ಏನು. ಇವನ್ನು ಬಿಡಿಸಿ ಕೇಳಿ. ತಾನು ಸಂತೋಷದಿಂದ ಹಾಕಿಸಿಕೊಳ್ಳುವವರೂ ಪಕ್ಕದವರನ್ನು ಬಲವಂತ ಮಾಡುವುದನ್ನು ಒಪ್ಪದಿರಬಹುದು, ಅವರನ್ನು ವಿರೋಧಿಗಳೆಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಓದು ಬಾರದವರೂ ಹಲವು ಭಾಷೆಯವರೂ ಇರುವ ಕಡೆ ಮುದ್ರಿತ ನಮೂನೆ ಉಪಯೋಗವಿಲ್ಲ. ಕಾಫಿ ಬೀಜದಿಂದ ಮತ ಹಾಕಿಸಿ. ಮುಚ್ಚಳದಲ್ಲಿ ಸೀಳು ಮಾಡಿದ ತಗಡಿನ ಡಬ್ಬಗಳು ಸಾಕು. ಒಳಗೆ ಎಷ್ಟು ಬಿದ್ದಿದೆ ಎಂದು ಹೊರಗೆ ಕಾಣಬಾರದು, ಅಡಿಯಲ್ಲಿ ಬಟ್ಟೆ ಹಾಸಿದ್ದರೆ ಸದ್ದೂ ಬರುವುದಿಲ್ಲ. ಮೊದಲ ಎರಡು ಪ್ರಶ್ನೆಗೆ ಮೂರು ಮೂರು ಡಬ್ಬ: ಹೌದು, ಯೋಚಿಸುತ್ತೇನೆ, ಬೇಡ. ಮೂರನೆಯ ಪ್ರಶ್ನೆಗೆ ಐದು ಡಬ್ಬ, ಮೇಲೆ ಚಿತ್ರ: ನೋಟು (ಕೂಲಿ ಹೋಗುತ್ತದೆ), ಹಾಸಿಗೆ (ನೋವು, ಜ್ವರ), ಸೂಜಿ (ಹೆದರಿಕೆ), ಪ್ರಶ್ನಾರ್ಥಕ ಚಿಹ್ನೆ (ನಂಬಿಕೆ ಇಲ್ಲ), ಅಡ್ಡಗೆರೆ (ನನಗೆ ಬೇಕಾಗಿಲ್ಲ). ಒಬ್ಬೊಬ್ಬರಿಗೆ 3 ಬೀಜ ಕೊಟ್ಟು, ಪರದೆಯ ಹಿಂದೆ ಒಬ್ಬೊಬ್ಬರನ್ನೇ ಬಿಡಿ. ಟಿ.ಡಿ.ಗೆ ಎಲ್ಲರನ್ನೂ ಕೇಳಿ, ಟೈಫಾಯ್ಡಿಗೆ ಅಡುಗೆಮನೆಯವರನ್ನು ಮಾತ್ರ ಇನ್ನೊಂದು ದಿನ ಕೇಳಿ. ಎರಡನ್ನೂ ಒಟ್ಟಿಗೆ ಕೇಳಿದರೆ ಯಾವುದಕ್ಕೆ ಉತ್ತರ ಎಂದು ತಿಳಿಯದು. ನಡೆಸುವವರು ಮೇಸ್ತ್ರಿಯೂ ಅಲ್ಲ, ಲೆಕ್ಕ ಬರೆಯುವ ರೈಟರೂ ಅಲ್ಲ, ನೀವೂ ಅಲ್ಲ. ಆಶಾ ಕಾರ್ಯಕರ್ತೆ ಒಪ್ಪಿದರೆ ಅವರೇ ಸರಿ. ಹಿಂದಿ, ಅಸ್ಸಾಮಿಯಲ್ಲಿ ವಿವರಿಸಲು ಕೂಲಿ ಕರೆತಂದ ಗುತ್ತಿಗೆದಾರರನ್ನು ಬಳಸಬೇಡಿ. ಕೆಲಸಗಾರರಲ್ಲೇ ಎರಡು ಭಾಷೆ ಬಲ್ಲ ಹೆಂಗಸೊಬ್ಬರನ್ನು ಕೇಳಿಕೊಳ್ಳಿ.

ಎಣಿಸುವಾಗ ತೋಟ, ಅಡುಗೆಮನೆ, ಹೌಸ್‌ಕೀಪಿಂಗ್ ಎಂದು ಬೇರೆ ಮಾಡಬಹುದು. ಆದರೆ 10ಕ್ಕಿಂತ ಕಡಿಮೆ ಜನರಿರುವ ಗುಂಪನ್ನು ಬೇರೆ ಮಾಡಬೇಡಿ. ಮೂವರು ಡ್ರೈವರುಗಳಲ್ಲಿ ಒಬ್ಬರು ಬೇಡ ಎಂದರೆ ಅದು ಯಾರೆಂದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಫಲಿತಾಂಶವನ್ನು ಒಟ್ಟು ಸಂಖ್ಯೆಯಲ್ಲಿ ಅದೇ ವಾರ ಅವರಿಗೇ ಓದಿ ಹೇಳಿ. ಕೇಳಿ ಸುಮ್ಮನಾದರೆ ಮುಂದಿನ ಸಲ ಬೀಜ ಹಾಕುವವರಿಲ್ಲ.

ನೋಟಿನ ಡಬ್ಬ ತುಂಬಿದ್ದರೆ ಪರಿಹಾರ ನಿಮ್ಮ ಕೈಯಲ್ಲೇ ಇದೆ. ದಿನಗೂಲಿ ₹500 ಎಂದು ಹಿಡಿದರೂ 86 ಜನಕ್ಕೆ ಒಂದು ದಿನ ಪೂರ್ತಿ ಕೊಟ್ಟರೆ ₹43,000. ಅಷ್ಟೂ ಬೇಕಾಗುವುದಿಲ್ಲ, ಶಿಬಿರದ ಅರ್ಧ ದಿನದ ಕೂಲಿ, ಮರುದಿನ ಕೈನೋವಿದ್ದವರಿಗೆ ಹಗುರ ಕೆಲಸ, ಜ್ವರ ಬಂದವರಿಗೆ ಕೂಲಿ ಸಹಿತ ರಜೆ ಸಾಕು. ಪ್ರಶ್ನಾರ್ಥಕದ ಡಬ್ಬ ತುಂಬಿದ್ದರೆ ಹಣದಿಂದ ಆಗದು. ಲೈನ್ ಮನೆಯ ಅಂಗಳದಲ್ಲಿ, ಮಾಲೀಕರು ಮೇಸ್ತ್ರಿ ಇಲ್ಲದೆ, ಡಾಕ್ಟರ ಜೊತೆ ಒಂದು ಸಂಜೆ ಕೂತು ಮಾತಾಡಲು ಬಿಡಬೇಕು.

ಶಿಬಿರದ ದಿನ

ಕಾಲ ಬದಲಿಸಿ. ಮಳೆ ಇಳಿಮುಖವಾಗುವ ಸೆಪ್ಟೆಂಬರ್ ಕೊನೆಯ ವಾರ ಮೊದಲ ಟಿ.ಡಿ., ಅಕ್ಟೋಬರ್ ಕೊನೆಯ ವಾರ ಎರಡನೆಯದು. ನವೆಂಬರಿನ ಅರೇಬಿಕಾ ಕೊಯ್ಲಿಗೆ ತೋಳುಗಳು ಸಿದ್ಧವಿರುತ್ತವೆ. ಮೂರನೆಯದು ಏಪ್ರಿಲ್ ಕೊನೆಗೋ ಮೇ ತಿಂಗಳಿಗೋ, ರೊಬಸ್ಟಾ ಕೊಯ್ಲು ಮುಗಿದ ಮೇಲೆ ಬರುತ್ತದೆ. ಅಷ್ಟರಲ್ಲಿ ಹೊರರಾಜ್ಯದವರು ಊರಿಗೆ ಹೋಗಿರುತ್ತಾರೆ, ಆದ್ದರಿಂದ ಎರಡನೆಯ ಡೋಸಿನ ದಿನವೇ ಮೂರನೆಯ ತಾರೀಕು ಬರೆದ ಕಾರ್ಡನ್ನು ಅವರ ಕೈಗೇ ಕೊಡಿ. ಕಾರ್ಡನ್ನು ಆಫೀಸಿನ ಬೀರುವಿನಲ್ಲಿ ಇಟ್ಟುಕೊಂಡರೆ ಅವರಿಗೆ ಪ್ರಯೋಜನವಿಲ್ಲ.

ಸಂತೆಯ ದಿನ, ಬಟವಾಡೆಯ ದಿನ ಬೇಡ. ರಜೆಯ ಹಿಂದಿನ ದಿನ ಒಳ್ಳೆಯದು. 86 ಜನರನ್ನು ಎರಡು ದಿನಕ್ಕೆ ಹಂಚಿ: ಮೊದಲ ದಿನ ತಾವಾಗಿ ಬರುವವರು, ವಾರದ ನಂತರ ಉಳಿದವರು. ಮೊದಲ ತಂಡದವರು ಆರಾಮಾಗಿ ಓಡಾಡುವುದನ್ನು ನೋಡಿದ ಮೇಲೆ ಯೋಚಿಸುತ್ತಿದ್ದವರಲ್ಲಿ ಹಲವರು ಬರುತ್ತಾರೆ. ಮಾಲೀಕರು ಮತ್ತು ನೀವು ಮೊದಲ ದಿನ, ಎಲ್ಲರ ಎದುರಿಗೆ, ಅದೇ ಸಾಲಿನಲ್ಲಿ ಕೂತು ಹಾಕಿಸಿಕೊಳ್ಳಿ.

ಟಿ.ಡಿ.ಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಜನರ ಸಂಖ್ಯೆ ಬರೆದು ಒಂದು ತಿಂಗಳು ಮೊದಲೇ ಪತ್ರ ಕೊಡಿ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ಟಿ.ಡಿ., ಟೈಫಾಯ್ಡ್, ಹೆಪಟೈಟಿಸ್ ಬಿ ಮೂರೂ ಹೆಪ್ಪುಗಟ್ಟಿದರೆ ಕೆಟ್ಟಂತೆಯೇ, ಕರಗಿಸಿ ಬಳಸುವಂತಿಲ್ಲ. ಶಿಬಿರಗಳಲ್ಲಿ ಲಸಿಕೆ ಕೆಡುವುದು ಬಿಸಿಯಿಂದ ಮಾತ್ರ ಎಂಬ ನಂಬಿಕೆ ತಪ್ಪು, ಕಲ್ಲಿನಂಥ ಐಸ್‌ಪ್ಯಾಕಿಗೆ ಬಾಟಲಿ ತಾಗಿ ಕೆಡುವುದೂ ಉಂಟು. ಐಸ್‌ಪ್ಯಾಕನ್ನು ಹೊರಗಿಟ್ಟು, ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಕೇಳಿದ ಮೇಲೆಯೇ ಲಸಿಕೆ ಒಯ್ಯುವ ಕ್ಯಾರಿಯರಿಗೆ ಹಾಕಬೇಕು. ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ದಿನ ಬಾರದ ಕಡೆ ರೆಸಾರ್ಟಿನ ಫ್ರಿಜ್ಜಿನಲ್ಲಿ ಲಸಿಕೆ ಇಡುವ ಯೋಚನೆಯೇ ಬೇಡ. ಬೆಳಿಗ್ಗೆ ತಂದು, ಸಂಜೆ ಉಳಿದದ್ದನ್ನು ಹಿಂದಿರುಗಿಸಿ.

ಎಲ್ಲರೂ ತಿಂಡಿ ತಿಂದೇ ಬರಲಿ. ಹಸಿದ ಹೊಟ್ಟೆಯಲ್ಲಿ ನಿಂತು ಚುಚ್ಚಿಸಿಕೊಂಡ ಗಟ್ಟಿ ಆಳೊಬ್ಬರು ತಲೆತಿರುಗಿ ಬಿದ್ದರೆ ಸಾಲಿನ ಅರ್ಧ ಜನ ಮನೆಗೆ ಹೋಗುತ್ತಾರೆ. ಕೂರಿಸಿಯೇ ಚುಚ್ಚಬೇಕು, ಕೆಲಸಕ್ಕೆ ಹೆಚ್ಚು ಬಳಸದ ಕೈಗೆ. ಹೆಂಗಸರಿಗೆ ಪರದೆ ಕಟ್ಟಿದ ಬೇರೆ ಜಾಗ, ಮಹಿಳಾ ಸಿಬ್ಬಂದಿ. ಬಸುರಿಯರ ವಿಷಯವನ್ನು ಪರದೆಯೊಳಗೆ ಆರೋಗ್ಯ ಸಿಬ್ಬಂದಿ ಮಾತ್ರ ಕೇಳಲಿ: ಟಿ.ಡಿ. ಬಸುರಿಯರಿಗೂ ಕೊಡುವಂಥದು, ಟೈಫಾಯ್ಡ್ ಲಸಿಕೆಯನ್ನು ವೈದ್ಯರ ಮಾತಿಲ್ಲದೆ ಕೊಡಬಾರದು. ಹಿಂದಿನ ಡೋಸಿಗೆ ತೀವ್ರ ಅಲರ್ಜಿ ಆದವರಿಗೆ ಆ ಲಸಿಕೆ ಇಲ್ಲ. ಜೋರು ಜ್ವರ ಇದ್ದವರಿಗೆ ವಾಸಿಯಾದ ಮೇಲೆ.

ಚುಚ್ಚಿದ ಮೇಲೆ 30 ನಿಮಿಷ ಕೂರಿಸಿ. ಉಸಿರು ಕಟ್ಟುವ, ಮೈಯೆಲ್ಲ ದದ್ದು ಏಳುವ ತೀವ್ರ ಅಲರ್ಜಿ ಬಹಳ ಅಪರೂಪ, ಆದರೆ ಬಂದರೆ ನಿಮಿಷಗಳ ಮಾತು. 1:1000 ಅಡ್ರಿನಲಿನ್, ದೊಡ್ಡವರಿಗೆ 0.5 ಮಿ.ಲೀ., ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡಬಲ್ಲ ಸಿಬ್ಬಂದಿ ಅಲ್ಲೇ ಇರಬೇಕು. ತೋಟದೊಳಗೆ ನೆಟ್‌ವರ್ಕ್ ಸಿಗದಿದ್ದರೆ 108ಕ್ಕೆ ಫೋನ್ ಎಲ್ಲಿಂದ ಹೋಗುತ್ತದೆ ಎಂದು ಹಿಂದಿನ ದಿನವೇ ನಡೆದು ನೋಡಿ, ಜೀಪಿನಲ್ಲಿ ಡ್ರೈವರ್ ಕೂತಿರಲಿ. ಬಳಸಿದ ಸೂಜಿ, ಸಿರಿಂಜು ಗೊಬ್ಬರದ ಗುಂಡಿಗೆ ಹೋಗಬಾರದು, ಆರೋಗ್ಯ ಕೇಂದ್ರಕ್ಕೇ ವಾಪಸು.

ಬೇಡ ಎಂದವರಿಗೆ

ತೋಟದವರು ಟಿ.ಡಿ. ಬೇಡ ಎಂದರೆ ಅಲ್ಲಿಗೆ ಬಿಡಿ. ಕಾರಣ ಬರೆದುಕೊಡಿ ಎನ್ನಬೇಡಿ. ಗಾಯವಾದ ದಿನ ಮತ್ತೆ ಕೇಳಿ, ಆಗ ಹೆಚ್ಚಿನವರು ಒಪ್ಪುತ್ತಾರೆ. ಅಡುಗೆಮನೆಯವರು ಟೈಫಾಯ್ಡ್ ಬೇಡ ಎಂದರೆ ಡಾಕ್ಟರ ಜೊತೆ ಖಾಸಗಿಯಾಗಿ ಮಾತಾಡಲು 2 ವಾರ ಕೊಡಿ. ಆಮೇಲೂ ಒಪ್ಪದಿದ್ದರೆ ಅದೇ ಕೂಲಿಗೆ ತೋಟದ ಹೂಗಿಡ, ರಿಸೆಪ್ಷನ್, ಬಟ್ಟೆ ಒಗೆಯುವ ಕಡೆ ಕೆಲಸ ಬದಲಿಸಿ. ನೋಟಿಸ್, ಉತ್ತರಕ್ಕೆ ಅವಕಾಶ, ವಿಚಾರಣೆ ಯಾವುದೂ ಇಲ್ಲದೆ ಕೆಲಸದಿಂದ ತೆಗೆದರೆ ನಿಲ್ಲುವುದಿಲ್ಲ. ಹೊಸದಾಗಿ ಸೇರುವ ಅಡುಗೆಯವರಿಗೆ ಈ ಷರತ್ತನ್ನು ನೇಮಕ ಪತ್ರದಲ್ಲೇ ಬರೆಯುವುದು ಎಲ್ಲಕ್ಕಿಂತ ಸ್ವಚ್ಛ ದಾರಿ. ಹಾಕಿಸಿಕೊಂಡವರ, ಹಾಕಿಸಿಕೊಳ್ಳದವರ ಹೆಸರು ಬೋರ್ಡಿಗೆ ಬರಬಾರದು.

ಹೊಸ ನೋಟಿಸ್ ಹೀಗಿದ್ದರೆ ಸಾಕು:

"ತೋಟದ ಕೆಲಸದಲ್ಲಿ ಗಾಯವಾದರೆ ಧನುರ್ವಾಯು ಬರಬಹುದು. ತಡೆಯುವ ಟಿ.ಡಿ. ಲಸಿಕೆ ಇಂಥ ದಿನ ಇಲ್ಲೇ ಸಿಗುತ್ತದೆ. ಖರ್ಚಿಲ್ಲ. ಆ ಅರ್ಧ ದಿನಕ್ಕೆ ಕೂಲಿ ಇದೆ, ಮರುದಿನ ಕೈ ನೋವಿದ್ದರೆ ಹಗುರ ಕೆಲಸ, ಜ್ವರ ಬಂದರೆ ಕೂಲಿ ಸಹಿತ ರಜೆ. ಬೇಡ ಎನ್ನುವವರನ್ನು ಯಾರೂ ಒತ್ತಾಯಿಸುವುದಿಲ್ಲ. ಅಡುಗೆ ಮಾಡುವ, ಬಡಿಸುವ ಕೆಲಸಕ್ಕೆ ಮಾತ್ರ ಟೈಫಾಯ್ಡ್ ಲಸಿಕೆ ಕಾನೂನಿನಂತೆ ಬೇಕು. ಅದರ ಖರ್ಚು ಎಸ್ಟೇಟಿನದು. ಯಾರ ಬಟವಾಡೆಯನ್ನೂ ಹಿಡಿಯುವುದಿಲ್ಲ. ಹಿಂದಿನ ನೋಟಿಸ್ ರದ್ದಾಗಿದೆ."

ಕೊನೆಯ ಸಾಲನ್ನು ಬಿಡಬೇಡಿ, ಹಳೆಯದನ್ನು ಸುಮ್ಮನೆ ಕಿತ್ತರೆ ಜನರಿಗೆ ಅದು ಗೊತ್ತಾಗುವುದಿಲ್ಲ. ಎಲ್ಲರಿಗೂ ಅವರವರ ಭಾಷೆಯಲ್ಲಿ ಓದಿ ಹೇಳಿಸಿ.

ಅಡುಗೆಮನೆಗೆ ಇನ್ನೊಂದು ನಿಯಮ ಇದರ ಜೊತೆಗೇ ಬರಬೇಕು, ಲಸಿಕೆಗಿಂತಲೂ ಅದು ಮುಖ್ಯ ಎನ್ನಬಹುದು. ಜ್ವರ, ಭೇದಿ ಇದ್ದರೆ ಒಲೆಯ ಹತ್ತಿರ ಬರಬಾರದು, ಆ ದಿನಗಳ ಕೂಲಿ ಪೂರ್ತಿ ಸಿಗುತ್ತದೆ. ಕೂಲಿ ಹೋಗುತ್ತದೆ ಎಂಬ ಭಯವಿದ್ದರೆ ಮಾತ್ರೆ ನುಂಗಿ ಜ್ವರ ಇಳಿಸಿಕೊಂಡು ಚಟ್ನಿ ರುಬ್ಬಲು ಬಂದುಬಿಡುತ್ತಾರೆ. ಟೈಫಾಯ್ಡ್ ಎಂದು ಖಚಿತವಾದವರು ಔಷಧಿಯ ಪೂರ್ತಿ ಅವಧಿ ಮುಗಿಸಿ, ಆಮೇಲೆ ಕನಿಷ್ಠ 24 ಗಂಟೆ ಅಂತರದಲ್ಲಿ ಮಾಡಿಸಿದ 3 ಮಲದ ಕಲ್ಚರುಗಳೂ ಶುಭ್ರವಾಗಿ ಬಂದು, ವೈದ್ಯರು ಬರೆದುಕೊಟ್ಟ ಮೇಲೆ ಮತ್ತೆ ಆಹಾರ ಮುಟ್ಟಬೇಕು. ಅಷ್ಟು ವಾರ ಅವರಿಗೆ ಬೇರೆ ಕೆಲಸ ಕೊಡಿ, ಕೂಲಿ ಮೊದಲಿನಷ್ಟೇ ಇರಲಿ.